ತಲೆಕೆಳಗು ಗಾಜಿನ ಗುಟ್ಟು ಹಿಡಿದ ಕಾಶಿಬಾಯಿ

ಬೆಳಗಿನ ಆರೂಕಾಲು. ನ್ಯೂಯಾರ್ಕಿಗೆ ಎದುರಾಗಿರುವ ಹೋಬೋಕನ್ ಊರಿನ ನದಿ ದಂಡೆಯಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ವೆಂಡೋವರ್ ಮೋಟರ್ಸ್‌ನ ಹಿಂಬಾಗಿಲ ಬೀಗ ತೆಗೆದು ಒಳಬರುವ ಕಾಶಿಬಾಯಿ ಹೆಬ್ಬಳ್ಳಿ ಮೊದಲು ಎರಡೂ ಅಂಗೈ ಗಸಗಸ ಉಜ್ಜಿಕೊಳ್ಳುತ್ತಾರೆ. ಮಾರ್ಚ್ ತಿಂಗಳಾದರೂ ಶೆಡ್ಡಿನೊಳಗೆ ಹೊರಗಿಗಿಂತ ಹೆಚ್ಚು ಚಳಿ. ಸೀರೆಯ ಮೇಲೆ ಉಣ್ಣೆಯ ಕೋಟು, ಅದರ ಮೇಲೆ ಮೆಕ್ಯಾನಿಕ್‌ಗಳು ತೊಡುವ ನೀಲಿ ಏಪ್ರನ್ನು, ಕಿವಿಯ ಹಿಂದೆ ಒಂದು ಪೆನ್ಸಿಲ್. ನಿನ್ನೆ ಸಂಜೆ ಇಟಲಿಯಿಂದ ಬಂದಿಳಿದ ಮರದ ಪೆಟ್ಟಿಗೆಯೊಂದು ಅವರಿಗಾಗಿ ಕಾದು ಕೂತಿದೆ. ಮೊಳೆ ಕಿತ್ತು, ಮರದ ಹೊಟ್ಟು ಸರಿಸಿ, ಮಗುವನ್ನು ಎತ್ತುವ ಹಾಗೆ ಎರಡೂ ಕೈಯಿಂದ ಒಂದು ದೀಪದ ಬುರುಡೆಯನ್ನು ಹೊರತೆಗೆಯುತ್ತಾರೆ. ಅದರ ತಳದಲ್ಲಿ ಉಬ್ಬಿದ ಅಂಕಿಗಳ ಮೇಲೆ ತೆಳ್ಳನೆಯ ಕಾಗದ ಹಾಸಿ ಪೆನ್ಸಿಲ್ ಉಜ್ಜುತ್ತಾರೆ. ಚಿಕ್ಕಂದಿನಲ್ಲಿ ನಾವೆಲ್ಲ ನಾಣ್ಯದ ಮೇಲೆ ಕಾಗದವಿಟ್ಟು ಉಜ್ಜಿದ ಹಾಗೆ. ಅಂಕಿಗಳು ಕಾಗದದ ಮೇಲೆ ಮೂಡುತ್ತವೆ. ಕಾಶಿಬಾಯಿಯವರ ಮುಖವೂ ಅರಳುತ್ತದೆ.

"ನೋಡ್ರಿ, ಇದು ಕಾರಿನ ದೀಪ ಅಲ್ಲ. ಮೋಟರ್ ಬೋಟಿಂದು," ಎನ್ನುತ್ತಾರೆ ಅವರು. "ಬೋಟಿಂದ ಕಾರಿಗೆ ಬಂದೈತಿ. ಇನ್ನ ಮುಂದ ಇದು ಸಿಗಲಿಲ್ಲಂದ್ರ ಬೋಟಿನ ಅಂಗಡಿಗೆ ಫೋನ್ ಮಾಡಿದ್ರಾತು."

ಹುಬ್ಬಳ್ಳಿಯ ಈ ಮೂವತ್ತಾರರ ಹೆಣ್ಣುಮಗಳು ಅಮೆರಿಕದ ಶ್ರೀಮಂತರ ಒಂದು ಅಪರೂಪದ ಕಾರಿನ ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುತ್ತಾರೆ. ಕಾರಿನ ಹೆಸರು ವೆಂಡೋವರ್ ಜಿ.ಟಿ. ದೂರದೂರಕ್ಕೆ ಸುಖವಾಗಿ, ವೇಗವಾಗಿ ಹೋಗಲೆಂದೇ ಮಾಡಿದ ಎರಡು ಸೀಟಿನ ಬಂಡಿ. ನೂರು ಕಾರು ಮಾತ್ರ ಮಾಡುತ್ತೇವೆ ಎಂದು ಕಂಪನಿ ಮೊದಲೇ ಡಂಗುರ ಸಾರಿತ್ತು. ನಮ್ಮಲ್ಲಿ ಲಾರಿಯ ಚಾಸಿ ತಂದು ಬಾಡಿ ಕಟ್ಟಿಸುವುದಿಲ್ಲವೇ, ಇದೂ ಹಾಗೆಯೇ. ಎಂಜಿನ್ನು, ಗೇರು, ಚಕ್ರ ಅಮೆರಿಕದ್ದು. ಮೈ ಮಾತ್ರ ಇಟಲಿಯ ಟೂರಿನ್ ನಗರದ ಕಾಸ್ತೆಲ್ವೆರೊ ಎಂಬ ಬಾಡಿ ಕಟ್ಟುವವರದ್ದು. ಅಲ್ಲಿನ ಕುಶಲಕರ್ಮಿಗಳು ತಗಡನ್ನು ಸುತ್ತಿಗೆಯಿಂದ ಬಡಿದು ಬಡಿದೇ ಮೈ ರೂಪಿಸುತ್ತಿದ್ದರು. ಅದು ಹಡಗಿನಲ್ಲಿ ಬಂದು, ಹೋಬೋಕನ್ನಿನ ಈ ಶೆಡ್ಡಿನಲ್ಲಿ ಎಂಜಿನ್ ತುಂಬಿಸಿಕೊಂಡು, ಜೀವ ಪಡೆದು ರಸ್ತೆಗಿಳಿಯುತ್ತಿತ್ತು.

ಕೈಯಿಂದ ಮಾಡಿದ್ದರ ಚಂದವೂ ಅದೇ, ತಾಪತ್ರಯವೂ ಅದೇ. ಒಂದು ಕಾರಿನ ಬಾಗಿಲು ಇನ್ನೊಂದಕ್ಕೆ ಕೂರುವುದಿಲ್ಲ. ಹತ್ತನೇ ಕಾರಿನ ಬಾನೆಟ್ಟು ಹನ್ನೊಂದನೇ ಕಾರಿನದಕ್ಕಿಂತ ಅರ್ಧ ಬೆರಳು ಉದ್ದ. ಇನ್ನು ಬಾಗಿಲ ಹಿಡಿ, ದೀಪ, ಗಡಿಯಾರದಂಥ ಚಿಲ್ಲರೆ ಭಾಗಗಳನ್ನು ಟೂರಿನ್ನಿನವರು ಎಲ್ಲೆಲ್ಲಿಂದಲೋ ತಂದು ಜೋಡಿಸುತ್ತಿದ್ದರು. ಸಿಗರೇಟಿನ ಬೂದಿ ಬಟ್ಟಲು ಬಸ್ಸಿನದು, ಒಳಗನ್ನಡಿ ಟ್ರ್ಯಾಕ್ಟರಿನದು. ಕಾರು ಕೊಂಡವರಿಗೆ ಇದು ಗೊತ್ತಿಲ್ಲ, ಬಹುಶಃ ಗೊತ್ತಾಗುವುದೂ ಬೇಕಿಲ್ಲ. ಆದರೆ ಕಾಶಿಬಾಯಿಯವರಿಗೆ ಗೊತ್ತು. ಇದುವರೆಗೆ ರಸ್ತೆಗಿಳಿದ ಅರವತ್ತಮೂರು ಕಾರುಗಳ ಒಂದೊಂದು ಸ್ಕ್ರೂವಿನ ಜಾತಕವೂ ಅವರ ಬಳಿ ಇದೆ. ನಾಲ್ಕು ಸಾವಿರದ ಇನ್ನೂರು ಕಾರ್ಡುಗಳು, ನಲವತ್ತು ಡ್ರಾಯರು, ಎಲ್ಲವೂ ಅವರದೇ ಗುಂಡು ಅಕ್ಷರದಲ್ಲಿ.

ಈ ಕಾರ್ಡಿನ ಹುಚ್ಚು ಹತ್ತಿದ್ದು ಎರಡು ಕಡೆಯಿಂದ. ತಂದೆ ನಾಗಲಿಂಗಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ಮನೆಗೆ ಬಂದರೂ ಅವರ ಬಾಯಲ್ಲಿ ಬೋಲ್ಟು, ವಾಷರುಗಳದೇ ಜಪ. ಮಗಳು ಧಾರವಾಡದಲ್ಲಿ ಗ್ರಂಥಾಲಯ ವಿಜ್ಞಾನ ಓದಿ, ಕಾಲೇಜೊಂದರಲ್ಲಿ ಆರು ವರ್ಷ ಪುಸ್ತಕಗಳ ಕಾರ್ಡು ಬರೆದರು. ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಗಂಡ ಪ್ರಭಾಕರ ಅವರಿಗೆ ಮ್ಯಾನ್‌ಹಟನ್ನಿನ ಸೇತುವೆ ಕಟ್ಟುವ ಕಂಪನಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಾಗ, ಎರಡು ವರ್ಷದ ನೀತಾಳನ್ನು ಎತ್ತಿಕೊಂಡು ಹೋಬೋಕನ್ನಿಗೆ ಬಂದಿಳಿದರು. ಇಲ್ಲಿನ ಗ್ರಂಥಾಲಯಗಳ ಮೆಟ್ಟಿಲು ಹತ್ತಿದರೆ ಎಲ್ಲೆಡೆ ಒಂದೇ ಮಾತು: ನಿಮ್ಮ ಡಿಗ್ರಿ ಇಲ್ಲಿ ನಡೆಯುವುದಿಲ್ಲ, ಮತ್ತೆ ಓದಿ ಬನ್ನಿ. ಏಳು ಗ್ರಂಥಾಲಯ ಅಲೆದು ಸುಸ್ತಾಗಿ ಬರುವಾಗ ಶೆಡ್ಡಿನ ಬಾಗಿಲಿಗೆ ಅಂಟಿಸಿದ ಚೀಟಿ ಕಣ್ಣಿಗೆ ಬಿತ್ತು. ಸಾಮಾನು ಎಣಿಸಲು ಮೂರು ವಾರಕ್ಕೆ ಜನ ಬೇಕಾಗಿತ್ತು.

ಆ ಮೂರು ವಾರ ಈಗ ನಾಲ್ಕು ವರ್ಷವಾಗಿದೆ.

ಮೊದಲ ಚಳಿಗಾಲ ಬೆರಳುಗಳು ಬಿರಿದು ರಕ್ತ ಬರುತ್ತಿತ್ತು. ಗಂಡಸರೇ ತುಂಬಿದ ಶೆಡ್ಡು. ಸೀರೆ ನೋಡಿ ಸಿಳ್ಳೆ ಹಾಕುವವರೂ ಇದ್ದರು. ಯುಗಾದಿ ಊಟಕ್ಕೆ ಸೇರಿದ್ದ ಕನ್ನಡಿಗರೊಬ್ಬರ ಮನೆಯಲ್ಲಿ ಮೈಸೂರಿನ ಪಂಕಜಾ ಎಂಬುವವರು, "ಅಯ್ಯೋ, ಅಷ್ಟು ಓದ್ಕೊಂಡು ನಟ್ಟು ಬೋಲ್ಟು ಎಣಿಸ್ತೀರಾ?" ಎಂದು ಮರುಗಿದ್ದರಂತೆ. ಮ್ಯಾನೇಜರ್ ವಿಟ್ಮೋರ್ ಅವರಿಗೆ ಕಾರ್ಡುಗಳನ್ನು ಕಂಡರೆ ಆಗುತ್ತಿರಲಿಲ್ಲ. ಎಣಿಸಲು ಕರೆದರೆ ಈಕೆ ಪುರಾಣ ಬರೆಯುತ್ತಾಳೆ ಎಂದು ಗೊಣಗಿ, ಕೆಲಸದ ಹೊತ್ತಿನಲ್ಲಿ ಕಾರ್ಡು ಮುಟ್ಟಬಾರದೆಂದು ತಾಕೀತು ಮಾಡಿದರು. ಕಾಶಿಬಾಯಿ ಉಜ್ಜಿದ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಅಡುಗೆಮನೆಯ ಮೇಜಿನ ಮೇಲೆ ಕಾರ್ಡು ಬರೆದರು. ಹೋಬೋಕನ್ನಿನ ಗ್ರಂಥಾಲಯ ಎಸೆಯಲಿಟ್ಟಿದ್ದ ಹಳೆಯ ಕಾರ್ಡುಗಳ ಬೆನ್ನೇ ಅವರ ಬರಹದ ಹಾಳೆಯಾಯಿತು.

ಇಟಾಲಿಯನ್ ಕಲಿತದ್ದೂ ಹೀಗೆಯೇ. ಟೂರಿನ್ನಿನಿಂದ ಬರುವ ಕಾಗದಗಳನ್ನು ಓದುವವರಿಲ್ಲದೆ ಅವು ಧೂಳು ತಿನ್ನುತ್ತಿದ್ದವು. ಶೆಡ್ಡಿನ ಮೇಸ್ತ್ರಿ ಟೋನಿ ಇಟಲಿ ಮೂಲದವನೇ. ಆದರೆ ಅವನ ಮನೆಯಲ್ಲಿ ಆಡುವುದು ದಕ್ಷಿಣದ ಮೀನುಗಾರರ ಆಡುಮಾತು. ಟೂರಿನ್ನಿನ ಕಾಗದ ಅವನಿಗೆ ಅರ್ಧ ತಿಳಿದರೆ ಅರ್ಧ ಇಲ್ಲ. ಕಾಶಿಬಾಯಿ ಒಂದು ಹಳೆಯ ನಿಘಂಟು ಹಿಡಿದು ಕೂತರು. "ಹುಬ್ಬಳ್ಳಿಯವರ ಮಾತು ಮೈಸೂರವ್ರಿಗೆ ತಿಳಿಯಂಗಿಲ್ಲ, ಹಂಗಂತ ಕನ್ನಡ ಬ್ಯಾರೆ ಆಗ್ತೈತೇನ್ರಿ? ಟೋನಿ ಉಚ್ಚಾರ ಹೇಳಿಕೊಟ್ಟ, ನಾ ಅವಂಗ ಅರ್ಥ ಹೇಳಿಕೊಟ್ಟೆ," ಎಂದು ನಗುತ್ತಾರೆ. ಈಗ ವಾರಕ್ಕೆ ಒಂಬತ್ತು ಕಾಗದ ಅವರೇ ಬರೆಯುತ್ತಾರೆ.

ಕಳೆದ ವರ್ಷದ ಏಪ್ರಿಲ್‌ನಲ್ಲಿ ಮಾತ್ರ ಈ ಕಾರ್ಡುಗಳ ಬೆಲೆ ಇಡೀ ಶೆಡ್ಡಿಗೆ ಒಮ್ಮೆಲೇ ತಿಳಿಯಿತು.

ನ್ಯೂಯಾರ್ಕಿನ ಕೊಲಂಬಸ್ ಸರ್ಕಲ್ಲಿನ ಪ್ರದರ್ಶನ ಭವನದಲ್ಲಿ ಕಾರುಗಳ ದೊಡ್ಡ ಮೇಳ. ವೆಂಡೋವರ್‌ನ ನಲವತ್ತೊಂದನೇ ಕಾರು, ದಾಳಿಂಬೆ ಕಾಳಿನ ಬಣ್ಣದ್ದು, ಅಲ್ಲಿ ನಿಲ್ಲಬೇಕಿತ್ತು. ಶುಕ್ರವಾರ ಸಂಜೆ ನಾಲ್ಕಕ್ಕೆ ಭವನದ ಬಾಗಿಲು ಮುಚ್ಚಿದರೆ ಮತ್ತೆ ಯಾವ ಕಾರಿಗೂ ಪ್ರವೇಶವಿಲ್ಲ. ಪಶ್ಚಿಮ ತೀರದ ಮಾರಾಟಗಾರರು ಕಾರನ್ನು ಕಣ್ಣಾರೆ ನೋಡಿಯೇ ಒಪ್ಪಂದ ಮಾಡುತ್ತೇವೆ ಎಂದಿದ್ದರು. ಒಪ್ಪಂದ ಇಲ್ಲವೆಂದರೆ ಶೆಡ್ಡಿನ ಮೂವತ್ತನಾಲ್ಕು ಜನರಿಗೂ ಕೆಲಸವಿಲ್ಲ.

ಗುರುವಾರ ಬೆಳಗ್ಗೆ ಒಂಬತ್ತಕ್ಕೆ, ಯಾರೋ ಹೊತ್ತು ಹೋಗುತ್ತಿದ್ದ ಕಬ್ಬಿಣದ ಕೊಳವೆಯ ತುದಿ ಕಾರಿನ ಹಿಂದಿನ ಗಾಜಿನ ಅಂಚಿಗೆ ತಗಲಿತು. ಮೆಲ್ಲಗೆ ತಗಲಿದ್ದಷ್ಟೇ. ಆದರೆ ಆ ಗಾಜು ಬಿರುಕು ಬಿಡುವ ಜಾತಿಯದಲ್ಲ. ಇಡೀ ಗಾಜು ಕಲ್ಲುಸಕ್ಕರೆಯ ಹಾಗೆ ಪುಡಿಪುಡಿಯಾಗಿ ಸೀಟಿನ ಮೇಲೆ ಸುರಿಯಿತು.

ಉಗ್ರಾಣದಲ್ಲಿ ಮೂರು ಹಿಂಗಾಜುಗಳಿದ್ದವು. ಅವು ಕೂರುವುದಿಲ್ಲ ಎಂದು ಕಾಶಿಬಾಯಿ ಮೊದಲೇ ಹೇಳಿದರು. ಮೂವತ್ತೆಂಟನೇ ಕಾರಿನಿಂದ ಹಿಂಭಾಗವನ್ನು ಗಿಡ್ಡ ಮಾಡಿದ್ದೇವೆ, ಗಾಜೂ ಬೇರೆ ಎಂದು ಟೂರಿನ್ನಿನವರು ಬರೆದ ಕಾಗದ ಅವರು ಓದಿದ್ದರು. ವಿಟ್ಮೋರ್ ಕೇಳಲಿಲ್ಲ. ಮೂರನ್ನೂ ತೆಗೆಸಿ ಇಟ್ಟು ನೋಡಿದರು. ಎರಡು ಬೆರಳಿನಷ್ಟು ಗಾಜು ಹೊರಗೇ ಉಳಿಯಿತು. ಟೂರಿನ್ನಿಗೆ ಫೋನ್ ಹಚ್ಚಿದರೆ ಅಲ್ಲಿ ಮುಷ್ಕರ, ಉಗ್ರಾಣಕ್ಕೆ ಬೀಗ. ಬೇಗನೆಂದರೂ ಮುಂದಿನ ಬುಧವಾರ. ವಿಟ್ಮೋರ್ ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತರು.

ಆಗ ಕಾಶಿಬಾಯಿ ತಮ್ಮ ಚೀಲದಿಂದ ನಲವತ್ತೊಂದನೇ ಕಾರಿನ ಕಾರ್ಡುಗಳ ಕಟ್ಟು ತೆಗೆದರು. ಗಾಜು ಪುಡಿಯಾಗಿದ್ದರೂ ಅದರ ಮೂಲೆಯಲ್ಲಿದ್ದ ಮುದ್ರೆ ಒಂದು ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಉಳಿದಿತ್ತು. ಗಾಜು ಮಾಡಿದವರ ಗುರುತು, ಕೆಳಗೆ 'ಪಿ ಎಫ್' ಎಂಬ ಎರಡು ಅಕ್ಷರ. ಪಕ್ಕದಲ್ಲಿ ಕನ್ನಡದಲ್ಲಿ ಅವರದೇ ಷರಾ: ಮುದ್ರೆ ಮೇಲಿನ ಮೂಲೆಯಲ್ಲಿದೆ, ಅದೂ ತಲೆಕೆಳಗಾಗಿ, ಯಾಕೆ?

"ಗಾಜಿನ ಮುದ್ರೆ ಯಾವಾಗ್ಲೂ ಕೆಳಗಿನ ಮೂಲ್ಯಾಗ, ನೆಟ್ಟಗ ಇರ್ತೈತ್ರಿ," ಎಂದು ಈಗ ವಿವರಿಸುತ್ತಾರೆ. "ಮ್ಯಾಲ ಐತಿ, ಉಲ್ಟಾ ಐತಿ ಅಂದ್ರ ಗಾಜನ್ನ ತಲಿಕೆಳಗ ಕುಂದ್ರಿಸ್ಯಾರ ಅಂತ. ತಲಿಕೆಳಗ ಕುಂದ್ರಿಸ್ಯಾರ ಅಂದ್ರ ಅದು ಈ ಕಾರಿಗಂತ ಮಾಡಿದ್ದಲ್ಲ. ಬ್ಯಾರೆ ಯಾವುದೋ ಕಾರಿಂದು. ಆ ಕಾರು ಹುಡುಕಿದ್ರ ಗಾಜು ಸಿಕ್ಕಂಗ."

ಯಾವ ಕಾರು? ಅದಕ್ಕೂ ಕಾರ್ಡುಗಳಲ್ಲೇ ಉತ್ತರವಿತ್ತು. ಮಳೆನೀರು ಒರೆಸುವ ಕಡ್ಡಿಯ ಮೋಟರಿನ ಮೇಲೂ ಅದೇ ಎರಡು ಅಕ್ಷರಗಳಿದ್ದವು. ಅದರ ರಸೀದಿಯಲ್ಲಿ 'ಪಾಸ್ಸೆರೊ ಫಮಿಲಿಯಾರೆ' ಎಂದು ಬರೆದಿತ್ತು. ಪಾಸ್ಸೆರೊ ಎಂದರೆ ಗುಬ್ಬಚ್ಚಿ, ಫಮಿಲಿಯಾರೆ ಎಂದರೆ ಸಂಸಾರದ್ದು. ಇಟಲಿಯ ಬಡ ಸಂಸಾರಗಳು ಮಕ್ಕಳು ಮರಿ, ಗಂಟುಮೂಟೆ ಹೇರಿಕೊಂಡು ಓಡಾಡುವ ಪುಟ್ಟ ಗಾಡಿ. ಕೋಟ್ಯಧೀಶರ ಕಾರಿನ ಬೆನ್ನಿಗಿದ್ದದ್ದು ಆ ಗುಬ್ಬಚ್ಚಿಯ ಗಾಜು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಟೋನಿ ಟೆಲಿಫೋನ್ ಪುಸ್ತಕ ತಂದು ಅವರ ಮುಂದೆ ಇಟ್ಟಿದ್ದ.

ಗುಬ್ಬಚ್ಚಿ ಗಾಡಿ ಅಮೆರಿಕದಲ್ಲಿ ಮಾರಾಟವಾದದ್ದೇ ಬೆರಳೆಣಿಕೆಯಷ್ಟು. ಕಾಶಿಬಾಯಿ ಸಂಜೆಯವರೆಗೆ ನಲವತ್ತಾರು ಕಡೆ ಫೋನ್ ಮಾಡಿದರು. ಗ್ಯಾರೇಜು, ಗುಜರಿ, ವಿದೇಶಿ ಕಾರಿನ ಅಂಗಡಿ, ಯಾವುದನ್ನೂ ಬಿಡಲಿಲ್ಲ. ನಲವತ್ತೇಳನೆಯವನೊಬ್ಬ ಮೆಕ್ಯಾನಿಕ್ಕು, ಹಿಲ್ಸ್‌ಬರೋ ಕಡೆ ಮೊಟ್ಟೆ ಮಾರುವ ಮುದುಕಿಯೊಬ್ಬಳ ಬಳಿ ಅಂಥದ್ದೊಂದು ಇತ್ತು, ಎಂಜಿನ್ ಕೆಟ್ಟು ವರ್ಷಗಳಾದವು ಎಂದ.

ಶುಕ್ರವಾರ ಬೆಳಕು ಹರಿಯುವಾಗ ಟೋನಿಯ ಟ್ರಕ್ಕು ಹೊಲಗಳ ನಡುವೆ ಓಡುತ್ತಿತ್ತು. ಹಿಲ್ಸ್‌ಬರೋದ ಆ ತೋಟದ ಹಿತ್ತಲಲ್ಲಿ ಹುಲ್ಲು ಬೆಳೆದು ಮುಚ್ಚಿಕೊಂಡ ಗುಬ್ಬಚ್ಚಿ ಗಾಡಿ ನಿಂತಿತ್ತು. ಹಿಂದಿನ ಗಾಜು ಇಡಿಯಾಗಿ ಫಳಫಳ ಹೊಳೆಯುತ್ತಿತ್ತು. ಒಳಗೆ ಹನ್ನೊಂದು ಕೋಳಿಗಳು ಕಾವಿಗೆ ಕೂತಿದ್ದವು.

ಮುದುಕಿ ಖಡಾಖಂಡಿತ ಒಲ್ಲೆ ಎಂದಳು. ಗಾಜು ತೆಗೆದರೆ ಚಳಿಗಾಳಿ ನುಗ್ಗುತ್ತದೆ, ಕೋಳಿಗಳು ಕಾವು ಬಿಟ್ಟೇಳುತ್ತವೆ ಎಂಬುದು ಅವಳ ವಾದ. ದುಡ್ಡಿನ ಮಾತೆತ್ತಿದ ಟೋನಿಗೆ ಬೈಗುಳ ಬಿತ್ತು. ಕಾಶಿಬಾಯಿ ಅವಳ ಪಕ್ಕ ಹುಲ್ಲಿನ ಮೇಲೆ ಕೂತರು. ಕಾರು, ಮೇಳ, ಮೂವತ್ತನಾಲ್ಕು ಜನರ ಕೆಲಸ, ಎಲ್ಲ ಹೇಳಿಕೊಂಡರು. ಗಾಜಿದ್ದ ಕಡೆ ಗಾಳಿ ತೂರದಂತೆ ಹಲಗೆ ಬಡಿದುಕೊಡುತ್ತೇವೆ, ಅದು ಮುಗಿಯುವವರೆಗೆ ಕೋಳಿಗಳನ್ನು ತಾವೇ ಬೆಚ್ಚಗೆ ನೋಡಿಕೊಳ್ಳುತ್ತೇವೆ ಎಂದರು. ಮುದುಕಿ ಅವರ ಬಿರಿದ ಬೆರಳುಗಳನ್ನು ನೋಡಿ, ತನ್ನ ಕಂಬಳಿ ತಂದುಕೊಟ್ಟಳು.

"ಹುಟ್ಟಿದಾಗಿಂದ ತತ್ತಿ ಮುಟ್ಟಿದಾಕಿ ಅಲ್ರಿ ನಾ. ಹನ್ನೊಂದು ಕೋಳಿ, ಅವುಗಳ ತತ್ತಿ, ಎಲ್ಲಾ ನನ್ನ ಉಡಿಯಾಗ," ಎನ್ನುವಾಗ ಕಾಶಿಬಾಯಿಗೆ ನಗು ತಡೆಯದು. "ಒಂದೂ ಒಡೀಲಿಲ್ಲ. ಅದು ಬರಕೋರಿ ಬೇಕಾರ."

ಟೋನಿ ಸೋಪಿನ ನೀರು ಬಿಟ್ಟು, ರಬ್ಬರಿನ ಅಂಚು ಸಡಿಲಿಸಿ, ಗಾಜನ್ನು ಇಂಚಿಂಚಾಗಿ ಜಾರಿಸಿ ತೆಗೆದ. ಬರುವ ದಾರಿಯಲ್ಲಿ ಮಳೆ ಹಿಡಿಯಿತು. ಕಂಬಳಿ ಸುತ್ತಿದ ಗಾಜನ್ನು ಕಾಶಿಬಾಯಿ ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಪ್ರತಿ ಗುಂಡಿಗೂ ಅದನ್ನು ಎತ್ತಿ ಹಿಡಿಯುತ್ತ ಕೂತಿದ್ದರು. ಹೋಬೋಕನ್ ತಲುಪಿದಾಗ ಹನ್ನೆರಡೂವರೆ. ಸಾಗಣೆಯ ಲಾರಿ ಬೇರೆ ಸಾಮಾನು ಹೇರಿಕೊಂಡು ಆಗಲೇ ಹೊರಟುಹೋಗಿತ್ತು.

ಇಡೀ ಶೆಡ್ಡು ಸುತ್ತ ನೆರೆಯಿತು. ಟೋನಿ ಗಾಜನ್ನು ಅಭ್ಯಾಸಬಲದಿಂದ ನೆಟ್ಟಗೇ ಇಟ್ಟ. ಮೂಲೆ ಎದ್ದು ನಿಂತಿತು. ಯಾರೋ ತಲೆ ಚಚ್ಚಿಕೊಂಡರು.

"ತಿರುಗಿಸು, ಟೋನಿ," ಎಂದರು ಕಾಶಿಬಾಯಿ. "ಮುದ್ರೆ ಮೇಲೆ ಬರಬೇಕು."

ಗಾಜು ತಿರುಗಿತು. ಇಳಿಯಿತು. ನಾಲ್ಕೂ ಮೂಲೆ ಒಟ್ಟಿಗೆ, ಪೆಟ್ಟಿಗೆಗೆ ಮುಚ್ಚಳ ಕೂತ ಹಾಗೆ, ಟಪ್ ಎಂದು ಕೂತಿತು. ಚಪ್ಪಾಳೆ ಬೀಳಲಿಲ್ಲ. ಅಷ್ಟು ಹೊತ್ತು ಕೈಕಟ್ಟಿ ನಿಂತಿದ್ದ ಗಂಡಸರೆಲ್ಲ ಒಮ್ಮೆಲೇ ಕೆಲಸಕ್ಕೆ ಬಿದ್ದರು. ಒಬ್ಬ ಅಂಟು ತುಂಬಿದ, ಇನ್ನೊಬ್ಬ ಗಾಜಿನ ಪುಡಿ ಗುಡಿಸಿದ. ಸಿಳ್ಳೆ ಹಾಕುತ್ತಿದ್ದವನೊಬ್ಬ ಕಾಶಿಬಾಯಿಗೆ ಬಿಸಿ ಕಾಫಿ ತಂದುಕೊಟ್ಟ.

ಎರಡೂವರೆಯಾಯಿತು. ಲಾರಿ ಇಲ್ಲದ್ದರಿಂದ ಕಾರನ್ನು ಓಡಿಸಿಕೊಂಡೇ ಹೋಗಬೇಕು. ಅಂಟು ಇನ್ನೂ ಹಸಿ. ಓಡುವಾಗ ಗಾಜು ಅಲುಗಿದರೆ ಎಲ್ಲವೂ ಹೋಯಿತು. ಒಳಗಿನಿಂದ ಯಾರಾದರೂ ಅದನ್ನು ಒತ್ತಿ ಹಿಡಿಯಲೇಬೇಕಿತ್ತು. ಪಕ್ಕದ ಸೀಟಿನಲ್ಲಿ ಮಂಡಿಯೂರಿ ಹಿಂದಕ್ಕೆ ಕೈಚಾಚಿ ಕೂರಬಲ್ಲಷ್ಟು ಸಣ್ಣ ಮೈ ಶೆಡ್ಡಿನಲ್ಲಿ ಒಬ್ಬರದೇ. ಕಾಶಿಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತರು.

ಸ್ಟೀರಿಂಗ್ ಹಿಡಿದ ಟೋನಿ ಕೀಲಿ ತಿರುಗಿಸಿದ್ದೇ ಎಂಜಿನ್ ಗುಡುಗಿತು. ಸೀಟಿನ ಬೆನ್ನು ಕಾಶಿಬಾಯಿಯ ಎದೆಗೆ ಒದ್ದಂತಾಯಿತು. ನದಿಯಡಿ ಹಾದು ನ್ಯೂಯಾರ್ಕಿಗೆ ಹೋಗುವ ಲಿಂಕನ್ ಸುರಂಗದ ಹಳದಿ ದೀಪಗಳು ಆ ಗಾಜಿನ ಮೇಲೆ ಸಾಲಾಗಿ ಹರಿದು ಹಿಂದಕ್ಕೆ ಹೋದವು. ಅಕ್ಕಪಕ್ಕದ ಬಸ್ಸುಗಳಿಂದ ಜನ ಬಗ್ಗಿ ನೋಡಿದರು. ಕೆಂಪು ಕಾರಿನ ಹಿಂಗಾಜಿಗೆ ಎರಡೂ ಅಂಗೈ ಒತ್ತಿ, ಕುಂಕುಮದ ಹೆಣ್ಣುಮಗಳೊಬ್ಬಳು ತಮ್ಮನ್ನೇ ದಿಟ್ಟಿಸುತ್ತಿರುವುದು ಅವರಿಗೆ ಕಂಡಿತು. ಮೂರು ನಲವತ್ತಕ್ಕೆ ಕಾರು ಭವನದ ಬಾಗಿಲು ದಾಟಿತು. ಕಾಶಿಬಾಯಿಯ ತೋಳುಗಳು ಮರಗಟ್ಟಿದ್ದವು. ಟೋನಿಯೇ ಕೈಹಿಡಿದು ಇಳಿಸಬೇಕಾಯಿತು.

ಮೇಳದಲ್ಲಿ ಕಾರಿಗೆ ಭಾರಿ ಹೆಸರು ಬಂತು. ಮಾರಾಟಗಾರರು ಒಪ್ಪಿದರು. ಕರಪತ್ರದಲ್ಲಿ ಟೂರಿನ್ನಿನ ವಿನ್ಯಾಸಕಾರರ ಹೆಸರಿತ್ತು, ಮಾಲೀಕರದಿತ್ತು, ವಿಟ್ಮೋರ್ ಅವರದೂ ಇತ್ತು. ಕಾಶಿಬಾಯಿಯದು ಇರಲಿಲ್ಲ. ಸೋಮವಾರ ಬೆಳಗ್ಗೆ ಉಗ್ರಾಣಕ್ಕೆ ಬಂದಾಗ ಅಲ್ಲೊಂದು ಹೊಸ ಉಕ್ಕಿನ ಕಪಾಟು ನಿಂತಿತ್ತು, ನಲವತ್ತು ಡ್ರಾಯರಿನದು. ಕೆಲಸದ ಹೊತ್ತಿನಲ್ಲೇ ಬರೆಯಬಹುದು ಎಂದು ಹೇಳಿ ವಿಟ್ಮೋರ್ ಸರಸರನೆ ಹೊರಟುಹೋದರು.

ಕಾಶಿಬಾಯಿಗೆ ಬೇರೊಂದು ಕುತೂಹಲವಿತ್ತು. ಗಾಜನ್ನು ತಲೆಕೆಳಗು ಮಾಡಿ ನೋಡುವ ಬುದ್ಧಿ ಹೊಳೆದದ್ದು ಯಾರಿಗೆ? ಟೂರಿನ್ನಿಗೆ ಬರೆದು ಕೇಳಿದರು. ಎರಡು ತಿಂಗಳ ಮೇಲೆ ಉತ್ತರ ಬಂತು. ಎರ್ಮಿನಿಯೊ ಎಂಬ ಹಿರಿಯ ಗಾಜುಗಾರ, ಬುತ್ತಿ ಉಣ್ಣುವ ಹೊತ್ತಿನಲ್ಲಿ, ಗೋಡೆಗೆ ಉಲ್ಟಾ ಆನಿಸಿಟ್ಟಿದ್ದ ಗಾಜಿನ ಬಾಗು ನೋಡಿ ಎದ್ದು ಹೋಗಿ ಕೂರಿಸಿಬಿಟ್ಟನಂತೆ. ಆ ಹೆಸರು ಈಗ ಮೂವತ್ತೆಂಟರಿಂದ ಅರವತ್ತಮೂರರವರೆಗಿನ ಎಲ್ಲ ಕಾರುಗಳ ಗಾಜಿನ ಕಾರ್ಡುಗಳಲ್ಲಿದೆ.

ಈ ಚಳಿಗಾಲ ಪೆಟ್ರೋಲಿಗೆ ಬರ ಬಂದು, ಬಂಕುಗಳ ಮುಂದೆ ಮೈಲುದ್ದ ಸಾಲು ನಿಂತಾಗ, ಹೊಟ್ಟೆಬಾಕ ಜಿ.ಟಿ.ಯನ್ನು ಕೇಳುವವರು ಕಡಿಮೆಯಾದರು. ನೂರು ಎಂದಿದ್ದ ಕಂಪನಿ ಅರವತ್ತಮೂರಕ್ಕೇ ನಿಲ್ಲಿಸಿದೆ. ಮೂವತ್ತನಾಲ್ಕು ಜನರಲ್ಲಿ ಈಗ ಒಂಬತ್ತೇ ಜನ ಉಳಿದಿದ್ದಾರೆ. ಅವರಲ್ಲಿ ಕಾಶಿಬಾಯಿ ಒಬ್ಬರು, ಟೋನಿ ಒಬ್ಬ. ಮಾಡಿದ ಅರವತ್ತಮೂರು ಕಾರುಗಳಾದರೂ ಓಡುತ್ತಲೇ ಇವೆ, ಕೆಡುತ್ತಲೂ ಇವೆ. ದಿನಕ್ಕೆ ಹದಿನೇಳು, ಹದಿನೆಂಟು ಫೋನು. ಟೆಕ್ಸಸ್ಸಿನಿಂದ ಒಬ್ಬರು, ಶಿಕಾಗೋದಿಂದ ಇನ್ನೊಬ್ಬರು. ಎಲ್ಲರೂ ಕೇಳುವುದು ಒಂದೇ: ಕ್ಯಾಸಿ ಇದ್ದಾರೆಯೇ? ಕಾಶಿ ಎಂಬುದು ಇಲ್ಲಿನ ನಾಲಿಗೆಯಲ್ಲಿ ಕ್ಯಾಸಿಯಾಗಿದೆ. ಏಳು ವರ್ಷದ ನೀತಾಳಿಗೆ ಶಾಲೆಯಲ್ಲಿ ಅಮ್ಮನ ಕೆಲಸವೇನೆಂದು ಕೇಳಿದರೆ, "ಮೈ ಮಾಮ್ ನೋಸ್ ಎವ್ರಿ ಸ್ಕ್ರೂ," ಎನ್ನುತ್ತಾಳಂತೆ.

ಏಳು ಗಂಟೆ ಹೊಡೆಯುತ್ತದೆ. ಟೋನಿ ಬಂದು ಶೆಡ್ಡಿನ ದೊಡ್ಡ ಬಾಗಿಲು ಎತ್ತುತ್ತಾನೆ. ರಿಪೇರಿಗೆ ಬಂದಿರುವ ಬೂದುಬಣ್ಣದ ಜಿ.ಟಿ.ಯೊಂದರ ಮೇಲೆ ನದಿಯ ಕಡೆಯ ಬಿಸಿಲು ಬೀಳುತ್ತದೆ. ಇಷ್ಟೆಲ್ಲ ಮಾಡಿದ್ದಕ್ಕೆ ಕಂಪನಿಯಿಂದ ಏನಾದರೂ ಬೇಕೆನಿಸಿದೆಯೇ ಎಂದು ಕೇಳಿದರೆ ಕಾಶಿಬಾಯಿ ಮೊದಲು ಇಲ್ಲವೆಂದು ತಲೆಯಾಡಿಸುತ್ತಾರೆ. ಆಮೇಲೆ, ಮೆಕ್ಯಾನಿಕ್‌ಗಳಿಗೆ ಕೇಳಿಸದಂತೆ, ದನಿ ತಗ್ಗಿಸುತ್ತಾರೆ.

"ನಾಕು ವರ್ಷದಾಗ ಆ ಕಾರಿನ್ಯಾಗ ಕುಂತಿದ್ದು ಅದೊಂದ ಸಲರಿ. ಅದೂ ಹಿಂದಕ ಮುಖ ಮಾಡಿ. ಬಿಟ್ಟುಬಂದ ದಾರಿ ಅಷ್ಟ ಕಂಡೆ, ಮುಂದಿಂದು ಏನೂ ಕಾಣಲಿಲ್ಲ. ಒಮ್ಮೆ ನೆಟ್ಟಗ ಕುಂತು, ಮುಂದ ನೋಡಕೋಂತ ಆ ಸುರಂಗ ದಾಟಬೇಕ್ರಿ. ಅಷ್ಟ."